ಬೊಳ್ಳಮ್ಮನಿಗೆ ಒಂದು ಮೇಜು

ಕೈಲ್ ಮುಹೂರ್ತದ ದಿನ ಮನೆಯ ಕೋವಿ, ಕತ್ತಿ, ನೇಗಿಲುಗಳನ್ನು ತೊಳೆದು ಒರೆಸಿ, ದೀಪದ ಮುಂದಿಟ್ಟು ಹೂವೇರಿಸುತ್ತಾರೆ. ಗುರುವಪ್ಪನಿಗೆ ಅಷ್ಟು ಸಾಲದು. ಸೈನ್ಯದ ಸಿಗ್ನಲ್ಸ್‌ನಲ್ಲಿದ್ದು ನಿವೃತ್ತನಾದ ಅವನಿಗೆ, ಬಿಚ್ಚಿ ಜೋಡಿಸದ ವಸ್ತು ಶುದ್ಧವಾದಂತೆ ಅನ್ನಿಸುವುದಿಲ್ಲ. ಕೋವಿ ಬಿಚ್ಚುತ್ತಾನೆ, ಕಳೆ ಕತ್ತರಿಸುವ ಮೆಷಿನ್ ಬಿಚ್ಚುತ್ತಾನೆ. ಒಂದು ವರ್ಷ ಮಿಕ್ಸಿ ಬಿಚ್ಚಿ ಜೋಡಿಸಿದಾಗ ಒಂದು ಸ್ಕ್ರೂ ಉಳಿದಿತ್ತು. ಎಲ್ಲಿಯದೆಂದು ತಿಳಿಯದೆ, ಅದನ್ನೂ ದೀಪದ ಮುಂದಿಟ್ಟು ಕೈಮುಗಿದ.

ಈ ವರ್ಷ ಅವನು ಸರ್ವರ್ ಬಿಚ್ಚಿದ.

ಸರ್ವರ್ ಎಂದರೆ ಪಾಲಿಬೆಟ್ಟದ ಒಂದು ಎಸ್ಟೇಟ್ ಆಫೀಸಿನವರು ಮಾರಿದ ಹಳೆಯ ಕಂಪ್ಯೂಟರು. ಭಾಗಮಂಡಲದ ಮಳೆಗೆ ನೆಟ್‌ವರ್ಕ್ ನಿಲ್ಲುವುದಿಲ್ಲವಾದ್ದರಿಂದ, ಮನೆಯ ಫೋಟೊ, ವಿಡಿಯೊ, ದನಿ ಎಲ್ಲವನ್ನೂ ಗುರುವಪ್ಪ ಅದರಲ್ಲೇ ತುಂಬಿಸಿಟ್ಟಿದ್ದ. ಇನ್ವರ್ಟರಿನ ಪ್ಲಗ್ಗು ನಡುಮನೆಯ ಕನ್ನಿಕಂಬದ ಪಕ್ಕದಲ್ಲಿತ್ತು. ಹಾಗಾಗಿ ಮನೆತನದ ದೀಪ ಉರಿಯುವ ಆ ಕಂಬದ ಬುಡದಲ್ಲೇ, ಒಂದು ತೇಗದ ಮೇಜಿನ ಮೇಲೆ, ಅದು ಹಗಲೂ ಇರುಳೂ ಗೊರಗೊರ ಅನ್ನುತ್ತಿತ್ತು.

ಬಿಚ್ಚಿ, ಧೂಳು ಊದಿ, ಜೋಡಿಸುವಾಗ ಡಿಸ್ಕುಗಳ ವಯರು ಅದಲುಬದಲಾಯಿತು. ಆ ಯಂತ್ರ ಡಿಸ್ಕನ್ನು ಗುರುತಿಸುವುದು ನಿಂತ ಸಾಲಿನಿಂದ. ಮೊದಲನೆಯದು, ಎರಡನೆಯದು, ಅಷ್ಟೆ. ಗದ್ದೆಗೆ ಹಂದಿ ಬರುವುದನ್ನು ನೋಡಲು ಕ್ಯಾಮೆರಾ ಹಾಕಬೇಕೆಂದು ತಂದ ಹೊಸ ಡಿಸ್ಕನ್ನು ಗುರುವಪ್ಪ ಸಿದ್ಧಮಾಡಲು ಕೂತ. ‘ಎರಡನೆಯದರಲ್ಲಿ ಹೊಸ ಪಾರ್ಟಿಶನ್ ಟೇಬಲ್ ಬರೆ’ ಎಂದು ಅಪ್ಪಣೆ ಕೊಟ್ಟ. ಖಚಿತವೇ ಎಂದು ಯಂತ್ರ ಕೇಳಿತು. ಹಾಗೆ ಕೇಳಿದವರ ಮುಂದೆ ಯೋಚಿಸಿ ಅವನಿಗೆ ಅಭ್ಯಾಸವಿಲ್ಲ. ಹೌದು ಎಂದ. ಎರಡನೆಯದಾಗಿ ನಿಂತಿದ್ದದ್ದು ಹಳೆಯ ಡಿಸ್ಕು.

ಹೆಂಡತಿ ತಂಗಮ್ಮ ಕಡುಬಿನ ಹಿಟ್ಟು ಮೆತ್ತಿದ ಕೈಯಲ್ಲೇ ಬಂದು ನೋಡಿದಳು. ಪರದೆಯ ಮೇಲೆ ಏನೂ ಇರಲಿಲ್ಲ.

“ಎಂತ ಆತ್?”

“ಎಂತ ಆಗಿಲ್ಲೆ. ಸಾಮಾನೆಲ್ಲ ಒಳಗೇ ಉಟ್ಟು. ಯಾವ ಕೋಣೆ ಎಲ್ಲಿಂದ ಎಲ್ಲಿವರೆಗೆ ಅಂತ ಇದ್ದ ಪಟ್ಟಿ ಮಾತ್ರ ಹೋತ್.”

“ಅತ್ತೆ?”

ಗುರುವಪ್ಪ ಕನ್ನಡಕ ತೆಗೆದು ಒರೆಸಿದ. “ಅವ್ವನೂ ಒಳಗೇ ಉಟ್ಟು.”

ಅತ್ತೆ ಬೊಳ್ಳಮ್ಮ ತೀರಿಕೊಂಡು ವರ್ಷ ತುಂಬುತ್ತಿತ್ತು. ಸತ್ತವರನ್ನು ವರ್ಷದೊಳಗೆ ಹಿರಿಯರ ಸಾಲಿಗೆ ಸೇರಿಸಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಹಾಕಿ ಹೊರಗೆ ಕಾಯುವುದು ಈ ಮನೆಯ ಪದ್ಧತಿ. ಬರುವ ಭಾನುವಾರ ಆ ಕೆಲಸ. ಏನು ಬಡಿಸಬೇಕು ಎಂದು ಬೊಳ್ಳಮ್ಮ ತಾನೇ ತಂಗಮ್ಮನಿಗೆ ಹೇಳಿದ್ದಳು. “ನನ್ನ ಮಕ್ಕ ನಿನ್ನ ಮಾತು ನಂಬೊದಿಲ್ಲೆ, ಆ ಪೆಟ್ಟಿಗೆಗೆ ಹಾಕ್” ಎಂದು ದನಿ ಹಿಡಿಸಿಯೂ ಇಟ್ಟಿದ್ದಳು. ಮದುವೆಯಾಗಿ ಬಂದಂದಿನಿಂದ ಅತ್ತೆ ತಂಗಮ್ಮನಿಂದ ಕೇಳಿಕೊಂಡದ್ದು ಅದೊಂದೇ. ಉಳಿದದ್ದೆಲ್ಲ ಅಪ್ಪಣೆ. ಅಪ್ಪಣೆಗಳನ್ನು ತಂಗಮ್ಮ ಎಷ್ಟೋ ಸಲ ಮರೆತಂತೆ ಮಾಡಿದ್ದಳು. ಕೇಳಿಕೊಂಡದ್ದನ್ನು ಹಾಗೆ ಮಾಡಲು ಅವಳಿಗೆ ಬರುತ್ತಿರಲಿಲ್ಲ.

ಗುರುವಪ್ಪ ಡಿಸ್ಕಿಗೆ ಮತ್ತೇನೂ ಬರೆಯದೆ, ಕಳೆದ ಪಟ್ಟಿಯನ್ನು ಹುಡುಕಿ ಕೊಡುವ ಒಂದು ಪ್ರೋಗ್ರಾಂ ಹಾಕಿದ. ಕಾಡು ಬೆಳೆದ ಜಾಗದಲ್ಲಿ ಹಳೆಯ ಗಡಿಕಲ್ಲು ಹುಡುಕುತ್ತಾ ಹೋಗುವವರ ಹಾಗೆ, ಅದು ಡಿಸ್ಕಿನ ಈ ತುದಿಯಿಂದ ಆ ತುದಿಗೆ ತಡವುತ್ತಾ ಹೊರಟಿತು. ಕರೆಂಟು ಹೋದಾಗಲೆಲ್ಲ ಮನೆಯ ದೀಪ ಆರಿಸಿ ಇನ್ವರ್ಟರನ್ನು ಅದಕ್ಕೊಂದಕ್ಕೇ ಬಿಟ್ಟರು. ಭಾನುವಾರ ಬೆಳಿಗ್ಗೆ ನೆಂಟರು ಬಂದಾಗಲೂ ಅದು ತಡವುತ್ತಲೇ ಇತ್ತು.

ಗುರುವಪ್ಪನ ಅಕ್ಕ ಗಂಗಮ್ಮ ಬಂದವಳೇ ನಡುಮನೆಯ ಬೆತ್ತದ ಕುರ್ಚಿಯಲ್ಲಿ ಕೂತು ಕಾಲು ಚಾಚಿದಳು. “ಹಂದಿ ಸಾರು, ಕಡುಬು, ಬ್ರಾಂದಿ. ನಮ್ಮ ಹಿರಿಯರಿಗೆಲ್ಲ ಅದೇ ಅಲಾ. ಅವ್ವಂಗೂ ಅದೇ.”

“ಅವ್ವ ಕಡೆಕಡೆಗೆ ಗಂಜಿ ಬಿಟ್ಟು ಎಂತ ತಿಂತಿತ್?” ಎಂದಳು ತಂಗಿ ಪ್ರೇಮಾವತಿ. ಅವಳು ಈಚೆಗೆ ಮಾಂಸ ಬಿಟ್ಟಿದ್ದಳು, ಬಿಟ್ಟದ್ದನ್ನು ಎಲ್ಲರಿಗೂ ಹೇಳುತ್ತಿದ್ದಳು. “ಗಂಜಿನೇ ಇಡೊಕು.”

“ಹಲ್ಲಿಲ್ಲದ್ದಕ್ಕೆ ಗಂಜಿ ಕುಡ್ದದ್. ಸತ್ತವರಿಗೆ ಹಲ್ಲಿನ ತೊಂದರೆ ಎಲ್ಲಿಂದ?”

ತಂಗಮ್ಮ ಬಾಗಿಲಲ್ಲಿ ನಿಂತು ಹೇಳಿದಳು. “ಅತ್ತೆ ಗೋಳಿಬಜೆ ಮತ್ತೆ ಕಾಫಿ ಕೇಳಿಯೊಳೊ. ಹೋಟೆಲಿಂದು.”

ನಾದಿನಿಯರಿಬ್ಬರೂ ಮೊದಲ ಸಲ ಒಂದಾದರು. “ಹೋಟೆಲಿಂದಾ?” ಎಂದಳು ಗಂಗಮ್ಮ. “ಅಡಿಗೆ ಮಾಡಿಕೆ ಉದಾಸೀನ ಆದ್ರೆ ಹಂಗೇ ಹೇಳ್, ತಂಗಮ್ಮ. ಸತ್ತವಳ ತಲೆ ಮೇಲೆ ಎಂತಕೆ ಹಾಕುದು?”

ತಂಗಮ್ಮ ಪರದೆಯ ಕಡೆ ನೋಡಿದಳು. ಉತ್ತರ ಆ ಪೆಟ್ಟಿಗೆಯೊಳಗಿತ್ತು.

ಅಷ್ಟರಲ್ಲಿ ಗುರುವಪ್ಪ ಕೂಗಿದ. ಗಡಿ ಸಿಕ್ಕಿತ್ತು. ಆದರೆ ಒಂದರ ಬದಲು ಎರಡು ಪಟ್ಟಿ ಸಿಕ್ಕಿದ್ದವು, ಒಂದರ ಮೇಲೊಂದು ಹೇರಿಕೊಂಡಿದ್ದವು. ಯಾವುದು ನಿಜವೆಂದು ಪಟ್ಟಿ ಬರೆಯುವ ಮೊದಲು ತೆರೆದು ನೋಡಬೇಕು. ಅವನು ಮೊದಲಿನದನ್ನು ತೆರೆದು, ಅದರಲ್ಲಿದ್ದ ಒಂದು ವಿಡಿಯೊ ಹಾಕಿದ. ಎಲ್ಲರೂ ಕೈಮುಗಿದರು.

ಪರದೆಯ ಮೇಲೆ ಒಂದು ಕಾಫಿ ಕಣ. ಹರವಿದ ಕಾಫಿಯ ಮೇಲೆ ಒಂದು ಕಂದು ನಾಯಿ ಮಲಗಿತ್ತು.

ಎಲ್ಲರೂ ಕಾದರು. ನಾಯಿ ಏಳಲಿಲ್ಲ.

“ಅವ್ವ,” ಎಂದಳು ಗಂಗಮ್ಮ, ದನಿ ತಗ್ಗಿಸಿ.

“ಅವ್ವಂಗೆ ನಾಯಿ ಕಂಡ್ರೆ ಆಗ್ತಿತ್ಲೆ,” ಎಂದಳು ಪ್ರೇಮಾವತಿ. ಆದರೂ ಕೈ ಇಳಿಸಲಿಲ್ಲ.

ಹಿರಿಯರಿಗೆ ಬಡಿಸಬೇಕಾದ ಚಿಕ್ಕಪ್ಪ ಬೆಳ್ಯಪ್ಪ ಪರದೆಯ ಹತ್ತಿರ ಬಗ್ಗಿ ನೋಡಿದ. “ಇದ್ ನಮ್ಮ ಕಣ ಅಲ್ಲ. ಕಾಫಿ ಸರಿ ಒಣಗಿಲ್ಲೆ.”

“ಸುಮ್ನಿರಿ ಚಿಕ್ಕಪ್ಪ. ಎಂತೋ ಹೇಳಿಕೆ ಬಂದುಟ್ಟು ಅದ್,” ಎಂದಳು ಗಂಗಮ್ಮ.

ನಾಯಿ ಮಗ್ಗುಲು ಬದಲಿಸಿತು. ನೆರೆದವರೆಲ್ಲ ಒಟ್ಟಿಗೆ ಉಸಿರೆಳೆದರು. ಗಂಗಮ್ಮ ಕಣ್ಣೊರೆಸಿಕೊಂಡು, ಅದು ಏಳುವವರೆಗೆ ನೋಡೋಣ, ಎದ್ದು ಯಾವ ದಿಕ್ಕಿಗೆ ಹೋಗುತ್ತದೋ ಅದರ ಮೇಲೆ ತೀರ್ಮಾನಿಸೋಣ ಎಂದಳು. ಅಡಿಗೆಮನೆಯ ಕಡೆ ಹೋದರೆ ಹಂದಿ ಸಾರು. ಆ ಕಣದಲ್ಲಿ ಅಡಿಗೆಮನೆ ಎಲ್ಲಿದೆ ಎಂದು ಬೆಳ್ಯಪ್ಪ ಕೇಳಿದ. ಅದರ ಮೇಲೂ ಸ್ವಲ್ಪ ಹೊತ್ತು ಚರ್ಚೆಯಾಯಿತು.

“ಇದ್ ಪಾಲಿಬೆಟ್ಟದ ಎಸ್ಟೇಟಿನವರ ಕ್ಯಾಮೆರಾದ್ದು,” ಎಂದ ಗುರುವಪ್ಪ. “ಅವರು ಅಳಿಸಿದ ಹಳೇ ಪಟ್ಟಿ. ಇನ್ನೊಂದು ನೋಡ್ನೆ.”

“ನಾಯಿ ಎದ್ದ ಮೇಲೆ ನೋಡ್,” ಎಂದಳು ಗಂಗಮ್ಮ.

ತಂಗಮ್ಮ ಬಂದು ಗಂಡನ ಭುಜದ ಮೇಲಿಂದ ಕೈ ಚಾಚಿ ತಾನೇ ಆ ನಾಯಿಯನ್ನು ಮುಚ್ಚಿದಳು. ಎರಡನೆಯ ಪಟ್ಟಿ ತೆರೆಯಿತು. ಮದುವೆಗಳು, ಕರುಗಳು, ಬಿದ್ದ ಮರಗಳು. ಕೊನೆಯಲ್ಲಿ, ಅವಳೇ ಹೆಸರಿಟ್ಟಿದ್ದ ‘ಅತ್ತೆ’.

ಮೊದಲು ಕೆಮ್ಮು. ಆಮೇಲೆ ದನಿ.

“ಹಿಡಿತುಟ್ಟಾ ತಂಗಮ್ಮ? ಹಾ. ಗಂಗೆ, ನೀ ಕುರ್ಚಿಲಿ ಕೂತೊಳ ಅಂತ ನಂಗೆ ಗೊತ್ತುಟ್ಟು.”

ಗಂಗಮ್ಮ ಕಾಲು ಮಡಚಿಕೊಂಡಳು.

“ಕೊಡಗು ಮೈಸೂರಿಗೆ ಸೇರ್ದ ವರ್ಷ. ಕರಿಕೆಲಿ ನನ್ನ ತವರಿಂದ ನಡ್ಕಂಡ್ ಬಂದ್, ಭಾಗಮಂಡಲಲಿ ಮಡಿಕೇರಿ ಬಸ್ಸಿಗೆ ಕಾಯ್ತಿದ್ದೊ. ನಿಮ್ಮಪ್ಪ ನನ್ನ ಹೋಟೆಲಿಲಿ ಕೂರ್ಸಿ, ಯಾರನ್ನೋ ನೋಡಿಕೆ ಹೋದ್ದು. ಮೇಜಿನ ಮುಂದೆ ಕುರ್ಚಿಲಿ ನಾ ಒಬ್ಳೇ. ಗೋಳಿಬಜೆ, ಕಾಫಿ ತಂದಿಟ್ಟೊ. ನಾ ಬೇಯಿಸಿದ್ದಲ್ಲ. ನನ್ನ ಹತ್ರ ಯಾರೂ ಇನ್ನೊಂದು ಹಾಕ್ ಅಂತ ಕೇಳಿತ್ಲೆ. ಯಾರದ್ದೂ ಎಲೆ ನೋಡುವ ಕೆಲಸ ಇಲ್ಲೆ. ಬಸ್ ಬರುವವರೆಗೆ ಕೂತೇ ಇದ್ದೆ.” ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ ಕೇಳಿಸಿತು, ದನಿ ಹಿಡಿದ ದಿನದ ಮಳೆ. “ನಿಮ್ಮ ಹಿರಿಯರಿಗೆ ಬಗ್ಗಿ ಬಗ್ಗಿ ಬಡ್ಸಿ ಸೊಂಟ ಹೋತ್. ಸತ್ತ ಮೇಲೂ ಅವರ ಸಾಲಿಲಿ ನೆಲಲಿ ಕೂರಿಕೆ ನನ್ನಿಂದ ಆಕಿಲ್ಲೆ. ಒಂದು ಮೇಜು ಇಡಿ, ಮೇಲೆ ಅದೇ ಗೋಳಿಬಜೆ, ಕಾಫಿ. ಅವಸರ ಮಾಡ್‌ಬೇಡಿ.”

ದನಿ ನಿಂತಿತು. ಬೆಳ್ಯಪ್ಪ ಗಂಟಲು ಸರಿಮಾಡಿಕೊಂಡ. “ಹಿರಿಯರು ನೆಲಲಿ, ಇವು ಮೇಜಿಲಿ. ಎಲ್ಲೂ ಕಂಡಿಲ್ಲೆ ನಾ.”

“ಹೇಳಿದ್ ಕೇಳ್ತಲಾ ಚಿಕ್ಕಪ್ಪ,” ಎಂದಳು ತಂಗಮ್ಮ.

ಗುರುವಪ್ಪ ಸರಿಯಾದ ಪಟ್ಟಿಯನ್ನು ಡಿಸ್ಕಿಗೆ ಬರೆದ. ಖಚಿತವೇ ಎಂದು ಯಂತ್ರ ಕೇಳಿತು. ಈ ಸಲ ಅವನು ಹೆಂಡತಿಯ ಮುಖ ನೋಡಿದ. ಅವಳು ತಲೆಯಾಡಿಸಿದ ಮೇಲೆ ಹೌದು ಎಂದ. ಆಮೇಲೆ ಜೀಪು ಹತ್ತಿ ಭಾಗಮಂಡಲಕ್ಕೆ ಹೋದ. ಆ ಕಾಲದ ಹೋಟೆಲಿನ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಎದುರಿನ ಹೋಟೆಲಿನಿಂದ ಗೋಳಿಬಜೆ, ಫ್ಲಾಸ್ಕಿನಲ್ಲಿ ಕಾಫಿ ತಂದ.

ಮನೆಯಲ್ಲಿ ಕನ್ನಿಕಂಬದ ಹತ್ತಿರ ಇದ್ದದ್ದು ಒಂದೇ ಮೇಜು. ಸರ್ವರನ್ನು ಆರಿಸಿ, ಮೇಜಿನಿಂದ ಇಳಿಸಿ, ಹಿರಿಯರ ಎಲೆಗಳ ಸಾಲಿನ ತುದಿಯಲ್ಲಿ ನೆಲದ ಮೇಲೆ ಇಟ್ಟರು. ಮಂಜುಗಣ್ಣಿನ ಬೆಳ್ಯಪ್ಪ ಬಡಿಸುತ್ತಾ ಬಂದು ಅದರ ಮುಂದೆಯೂ ಎರಡು ಕಡುಬು ಇಟ್ಟ. ಕುರ್ಚಿ ಬೇಕಾಯಿತು. ಎಲ್ಲರೂ ಗಂಗಮ್ಮನನ್ನು ನೋಡಿದರು. ಅವಳು ಎದ್ದಳು.

ಬಾಗಿಲು ಹಾಕಿ ಎಲ್ಲರೂ ಜಗಲಿಗೆ ಬಂದರು. ಹಿರಿಯರು ಉಣ್ಣುವುದಕ್ಕೆ ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ ತೆರೆದು, ಮನೆಯವರು ಊಟಕ್ಕೆ ಕೂರುವುದು ಕ್ರಮ. ಬೆಳ್ಯಪ್ಪ ಬೀಡಿ ಮುಗಿಸಿ ಎದ್ದ. ಒಲೆಯ ಮೇಲಿನ ಹಂದಿ ಸಾರಿನ ವಾಸನೆ ಜಗಲಿವರೆಗೆ ಬರುತ್ತಿತ್ತು.

“ಈಗ ತಟ್ಟಿಕಾ?”

“ಅವಸರ ಮಾಡ್‌ಬೇಡಿ ಅಂತ ಹೇಳಿತಲಾ,” ಎಂದಳು ತಂಗಮ್ಮ.

“ಮತ್ತೆ ಎಲ್ಲಿವರೆಗೆ?”

“ಬಸ್ ಬರುವವರೆಗೆ.”

ಬೆಳ್ಯಪ್ಪ ಗುರುವಪ್ಪನನ್ನು ನೋಡಿದ. ಗುರುವಪ್ಪ ರಸ್ತೆಯನ್ನು ನೋಡಿದ. ಈ ಮಳೆಯಲ್ಲಿ ಮಡಿಕೇರಿ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಗಂಗಮ್ಮ ಮೆಟ್ಟಿಲ ಮೇಲೆ ಕೂತು, ನಾಯಿಯೇ ವಾಸಿಯಿತ್ತು ಎಂದು ಗೊಣಗಿದಳು. ಪ್ರೇಮಾವತಿ, ಸಾರಿನ ತೆಳಿ ಸ್ವಲ್ಪ ಕುಡಿದರೆ ಅದು ಮಾಂಸವಾಗುತ್ತದೆಯೇ ಎಂದು ಯಾರನ್ನೂ ನೋಡದೆ ಕೇಳಿದಳು.

ತಂಗಮ್ಮ ಜಗಲಿಯ ಕಂಬಕ್ಕೆ ಒರಗಿ ಕಾಲು ಚಾಚಿದಳು. ಯಾರ ಎಲೆಯೂ ಕಣ್ಣ ಮುಂದೆ ಇರಲಿಲ್ಲ. ಕೈಯಲ್ಲಿ ಸೌಟಿರಲಿಲ್ಲ. ಹೀಗೆ ಕೂತರೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡಳು. ಒಳಗೆ ಕುರ್ಚಿಯ ಬೆತ್ತ ಕಿರ್ರೆಂದಂತೆ ಅನ್ನಿಸಿತು. ಹಳೆಯ ಕುರ್ಚಿ, ತಾನಾಗಿಯೂ ಕಿರುಗುಟ್ಟುತ್ತದೆ.

ಬಹಳ ಹೊತ್ತಿನ ಮೇಲೆ, ಕೆಳಗಿನ ತಿರುವಿನಲ್ಲಿ ಅವಳಿಗೆ ಬಸ್ಸಿನ ಹಾರ್ನ್ ಕೇಳಿಸಿತು. ಮಳೆಯ ಸದ್ದಿಗೆ ಬೇರೆ ಯಾರಿಗೂ ಕೇಳಿಸಲಿಲ್ಲ.

“ಬಸ್ ಬಾತಾ?” ಎಂದ ಬೆಳ್ಯಪ್ಪ, ಅವಳ ತಲೆ ಆ ಕಡೆ ತಿರುಗಿದ್ದನ್ನು ಕಂಡು.

“ಇಲ್ಲೆ ಚಿಕ್ಕಪ್ಪ,” ಎಂದಳು ತಂಗಮ್ಮ. “ಲಾರಿ.”