ಒಂದು ಡಿಸ್ಕಿಗೆ ಎರಡು ಕೈ

"ಇಲಕಲ್ಲಿನ ಸಮಸ್ತ ಮಹಾಜನರಿಗೆ ತಿಳಿಯಪಡಿಸುವುದೇನೆಂದರೆ, ಇಂದು ಮುಂಜಾನೆ ಹನ್ನೊಂದಕ್ಕೆ ಸತ್ತ ಕಂಪ್ಯೂಟರಿನ ಜೀವ ಹೊಳ್ಳಿ ಬರಲಿದೆ. ಸರ್ವರಿಗೂ ಸ್ವಾಗತ."

ರಿಪೇರಿ ಅಂಗಡಿಯ ಬಾಗಿಲ ಬದಿಯ ಕರಿಹಲಗೆಯ ಮೇಲೆ ಇಷ್ಟು ಬರೆದ ನಯೀಮ, ಚಾಕ್‌ಪೀಸು ಕಿವಿಗೆ ಸಿಕ್ಕಿಸಿಕೊಂಡು ಹಿಂದೆ ಸರಿದು ನೋಡಿದ. ಪಕ್ಕದ ಚಹಾದಂಗಡಿಯ ಖಾದರಬಾಷಾ ತಾನೂ ಬಂದು ಓದಿದ.

"ಜೀವ ಬರ್ಲಿಲ್ಲಂದ್ರ ಮಣ್ಣು ಕೊಡೂದು ಎಷ್ಟಕ್ಕಲೇ? ಅದನ್ನೂ ಬರಿ."

"ಚಾಚಾ, ನೀವು ಚಹಾ ಕಾಸ್ರಿ. ಮಂದಿ ಬರ್ತಾರ."

ಸತ್ತದ್ದು ಹುಲ್ಲಪ್ಪನ ಕಂಪ್ಯೂಟರು. ಇಲಕಲ್ ಸೀರೆಯ ದಡಿ, ಸೆರಗುಗಳ ವಿನ್ಯಾಸವನ್ನು ಚೌಕ ಚೌಕ ತುಂಬಿ ಅವನು ಅದರಲ್ಲೇ ಬರೆಯುತ್ತಿದ್ದ. ಹೋದ ವರ್ಷ ಲಕ್ವಾ ಹೊಡೆದು ಅವನ ಬಲಗೈ ನಿಂತುಹೋಯಿತು. ಈ ವರ್ಷ ಕಂಪ್ಯೂಟರಿನ ಬೋರ್ಡು ಸುಟ್ಟಿತು. ಉಳಿದದ್ದು ಹಾರ್ಡ್‌ಡಿಸ್ಕು ಒಂದೇ. ಇನ್ನು ಹುಲ್ಲಪ್ಪನ ಕೈ ಅಂದರೆ ಅದೇ. ಹೆಂಡತಿ ಸಾವಿತ್ರೆವ್ವ ಅದನ್ನು ಹಳೇ ಖಣದಲ್ಲಿ ಸುತ್ತಿ, ಕೂಸಿನಂತೆ ಎದೆಗವಚಿಕೊಂಡು ಗಂಡನ ಜೊತೆ ಅಂಗಡಿಗೆ ತಂದಿದ್ದಳು.

ವಿನ್ಯಾಸ ತೆರೆಯುವ ಸಾಫ್ಟ್‌ವೇರು ಹಳೇ ವಿಂಡೋಸಿನಲ್ಲಷ್ಟೇ ಏಳುತ್ತಿತ್ತು. ನಯೀಮನ ಹೊಸ ಲ್ಯಾಪ್‌ಟಾಪಿನಲ್ಲಿ ಮುಸುಕು ಹೊದ್ದು ಮಲಗಿಬಿಡುತ್ತಿತ್ತು.

"ಅದಕ್ಕ ನಾ ಏನ್ ಮಾಡೇನಿ ಕಾಕಾ, ಇದರ ಹೊಟ್ಟ್ಯಾಗ ಇನ್ನೊಂದು ಕಂಪ್ಯೂಟರ್ ಹುಟ್ಟಿಸೇನಿ. ವರ್ಚುವಲ್ ಮಷಿನ್. ಮುಟ್ಟಾಕ ಸಿಗೂದಿಲ್ಲ, ಆದ್ರ ಐತಿ. ನಿಮ್ಮ ಡಿಸ್ಕ್ ಸೀದಾ ಅದರ ಕೈಯಾಗ ಕೊಡ್ತೇನಿ."

"ಇಲ್ಲದ್ದರ ಕೈಯಾಗ ಇದ್ದದ್ದು ಕೊಡ್ತಿ?" ಅಂದಳು ಸಾವಿತ್ರೆವ್ವ.

"ಕೊಡ್ತೇನಿ ಕಾಕು. ಲ್ಯಾಪ್‌ಟಾಪ್ ಮಾತ್ರ ಅದನ್ನ ಮುಟ್ಟಬಾರ್ದು, ಅಷ್ಟ. ಒಂದ ಮಗ್ಗದ ಕುಣ್ಯಾಗ ಇಬ್ಬರು ಕುಂತು ಲಾಳಿ ಒಗದ್ರ ಏನಾಗ್ತೈತಿ?"

"ಎಳಿ ಹರೀತಾವ," ಅಂದ ಹುಲ್ಲಪ್ಪ.

ಮೊದಲು ಡಿಸ್ಕಿನ ನಕಲು ಮಾಡಿಟ್ಟುಕೊಳ್ಳಬೇಕು ಎಂಬುದು ನಯೀಮನಿಗೆ ಗೊತ್ತಿತ್ತು. ಆದರೆ ನಕಲಾಗುವುದಕ್ಕೆ ಸಂಜೆಯಾಗುತ್ತಿತ್ತು. ಹಲಗೆ ಹನ್ನೊಂದು ಅಂದಿತ್ತು. ಜನ ಆಗಲೇ ಬೆಂಚು ಹಿಡಿದಿದ್ದರು.

ಲ್ಯಾಪ್‌ಟಾಪಿಗೆ ಡಿಸ್ಕಿನಿಂದ ದೂರ ಇರಲು ಹೇಳಿ, ನಯೀಮ ಗುಂಡಿ ಒತ್ತಿದ. ಪರದೆಯೊಳಗಿನ ಪರದೆಯಲ್ಲಿ ಹಳೇ ವಿಂಡೋಸಿನ ಹಸಿರು ಗುಡ್ಡ, ನೀಲಿ ಆಕಾಶ ಎದ್ದವು. ಆಮೇಲೆ ಒಂದು ದಡಿ ಬಿಚ್ಚಿಕೊಂಡಿತು, ಕೆಂಪಿನಲ್ಲಿ ಹಳದಿ ಗೋಪುರಗಳ ಸಾಲು.

"ಇದು ನಮ್ಮ ಮಗಳು ಶೀಲಾನ ಮದವಿಗೆ ಬರದದ್ದು," ಅಂದ ಹುಲ್ಲಪ್ಪ. ಸಾವಿತ್ರೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಬೆಂಚು ಚಪ್ಪಾಳೆ ಹೊಡೆಯಿತು.

"ಮಣ್ಣು ಮುಂದಕ್ಕ ಹೋತು ಬಿಡು," ಅಂದ ಖಾದರಬಾಷಾ, ಎಲ್ಲರಿಗೂ ಚಹಾ ಹಂಚುತ್ತ.

"ಎಲ್ಲಾನೂ ಪೆನ್‌ಡ್ರೈವಿಗೆ ಹಾಕಿಕೊಡಪಾ," ಅಂದಳು ಸಾವಿತ್ರೆವ್ವ.

ಪೆನ್‌ಡ್ರೈವು ಒಳಗಿನ ಕಂಪ್ಯೂಟರಿಗೆ ಕಾಣಲೊಲ್ಲದು. ನಯೀಮ ಎರಡು ಸಲ ತೆಗೆದು ಚುಚ್ಚಿದ. ಬೆಂಚು ಅವನ ಬೆನ್ನನ್ನೇ ನೋಡುತ್ತಿತ್ತು. ಲ್ಯಾಪ್‌ಟಾಪಿಗೆ ಅದು ಕಾಣುತ್ತಿತ್ತು, ಆದರೆ ಡಿಸ್ಕನ್ನು ಲ್ಯಾಪ್‌ಟಾಪಿಗೆ ಕೊಡುವ ಮೊದಲು ಒಳಗಿನದನ್ನು ಬಂದ್ ಮಾಡಬೇಕು. ಬಂದ್ ಮಾಡಿದರೆ ಗುಡ್ಡವೂ ಹೋಗುತ್ತದೆ, ಚಪ್ಪಾಳೆಯೂ ಹೋಗುತ್ತದೆ. ಒಂದೇ ಒಂದು ನಿಮಿಷ ಅಂದುಕೊಂಡು, ಡಿಸ್ಕನ್ನು ಲ್ಯಾಪ್‌ಟಾಪಿಗೂ ತೋರಿಸಿಬಿಟ್ಟ.

ಲ್ಯಾಪ್‌ಟಾಪು ಬಹಳ ಮರ್ಯಾದೆಯಿಂದ ಕೇಳಿತು: ಈ ಡಿಸ್ಕಿನಲ್ಲಿ ದೋಷವಿದೆ, ಸರಿಪಡಿಸಲೇ? ಇಂಥ ಪ್ರಶ್ನೆಗಳನ್ನು ನಯೀಮ ಎಂದೂ ಪೂರಾ ಓದಿದವನಲ್ಲ. ಅವನ ಬೆರಳು ತಾನಾಗಿಯೇ ಹೂಂ ಅಂದಿತು.

ಅದು ಸರಿಪಡಿಸಿತು. ಒಳಗಿನ ಕಂಪ್ಯೂಟರು ಬರೆಯುತ್ತಿದ್ದುದನ್ನೆಲ್ಲ ಕಸವೆಂದು ಬಗೆದು ಗುಡಿಸಿ, ವಿನ್ಯಾಸಗಳಿದ್ದ ಜಾಗದಲ್ಲಿ ಹೆಸರಿಲ್ಲದ ಚೂರುಗಳನ್ನು ಸಾಲಾಗಿ ಜೋಡಿಸಿಟ್ಟಿತು. ಒಂದು ಚೂರೂ ತೆರೆಯಲಿಲ್ಲ. ಹಸಿರು ಗುಡ್ಡ ನಡುಗಿ, ಗೋಪುರಗಳ ಸಮೇತ ಕಪ್ಪಾಯಿತು.

"ಕರೆಂಟ್ ಹೋತೇನು?" ಅಂದಳು ಸಾವಿತ್ರೆವ್ವ.

ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಹುಲ್ಲಪ್ಪ ಫ್ಯಾನನ್ನು ನೋಡಿದ, ನಯೀಮನ ಮುಖ ನೋಡಿದ.

"ಇಬ್ಬರು ಲಾಳಿ ಒಗದ್ರೇನು?"

"ಹೂಂ ಕಾಕಾ."

ಬೆಂಚು ಒಬ್ಬೊಬ್ಬರಾಗಿ ಖಾಲಿಯಾಯಿತು. ಖಾದರಬಾಷಾ ಚಹಾದ ಕಪ್ಪುಗಳನ್ನು ಬಳಿದುಕೊಂಡು ಹೋದ. ಸಾವಿತ್ರೆವ್ವ ಖಣ ಬಿಡಿಸಿ, ಡಿಸ್ಕನ್ನು ಮತ್ತೆ ಅದರಲ್ಲಿ ಸುತ್ತತೊಡಗಿದಳು.

ನಯೀಮ ಹೊರಗೆ ಬಂದು ಅಂಗೈಯಿಂದ ಹಲಗೆ ಒರೆಸಿದ. ಸಮಸ್ತ ಮಹಾಜನರು ಹೋದರು, ಹನ್ನೊಂದು ಹೋಯಿತು. ಹಿಂದಿನಿಂದ ಯಾರೋ ಅವನ ಕಿವಿಯಲ್ಲಿದ್ದ ಚಾಕ್‌ಪೀಸು ತೆಗೆದುಕೊಂಡರು.

ಹುಲ್ಲಪ್ಪ ಎಡಗೈಯಲ್ಲಿ ಅದನ್ನು ಹಿಡಿದು ಹಲಗೆಗೆ ಒರಗಿ ನಿಂತ. ಒಂದು ಗೆರೆ ಮೇಲಕ್ಕೆ ಏರಿತು, ಸೊಟ್ಟಗೆ. ಗೋಪುರದ ತುದಿಯಲ್ಲಿ ಚಾಕ್‌ಪೀಸು, ಯಾವ ಕಡೆ ಇಳಿಯಬೇಕೆಂದು ತಿಳಿಯದೆ, ನಿಂತುಕೊಂಡಿತು.