ಘಾಟಿನ ಭಯ

ಕರೆಂಟಿನ ಕಾಟ ತಾಳದೆ ಫಕ್ಕೀರಸಾಬ ರಾಣೆಬೆನ್ನೂರಿನಿಂದ ಅಗ್ಗದ ಹಳೆಯ ಜನರೇಟರ್ ತಂದು, ಯಾರಾದರೂ ಕದ್ದಾರೆಂದು ಪಡಸಾಲೆಯೊಳಗೇ ಇಟ್ಟ. "ಕಿಡಕಿ ಎಲ್ಲಾ ಹಾಕಿಬಿಡು, ಮೆಣಸಿನಕಾಯಿ ಘಾಟು ಬರಾಕತ್ತೈತಿ," ಎಂದು ಹೆಂಡತಿ ಹುಸೇನಬಿಗೆ ಹೇಳಿ, ಸಂಜೆ ಚಾಲೂ ಮಾಡಿದ. ಬ್ಯಾಡಗಿಯವರಿಗೆ ಹೊಗೆಗಿಂತ ಘಾಟಿನದೇ ಭಯ.

ಅವಳು ನೀರು ತಂದು ಬಾಗಿಲು ನೂಕಿದಾಗ ದೀಪ ಉರಿಯುತ್ತಿತ್ತು, ಗಂಡ ನೆಲಕ್ಕೊರಗಿದ್ದ. ಓಡಿ ಜನರೇಟರ್ ಬಂದ್ ಮಾಡಿದಳು. ಮೂವತ್ತು ವರ್ಷ ಮೆಣಸಿನಕಾಯಿ ಚೀಲ ಹೊತ್ತು ಗಳಿಗೆಗೊಮ್ಮೆ ಕೆಮ್ಮುವವನ ಕೆಮ್ಮು ಕತ್ತಲಲ್ಲಿ ಕೇಳಲಿಲ್ಲ. ಹೇಗೋ ಅವನನ್ನು ಅಂಗಳಕ್ಕೆ ಎಳೆದು ತಂದಳು. ಮಾರ್ಕೆಟ್ಟಿನ ಕಡೆಯಿಂದ ಗಾಳಿ ಬೀಸಿ ಕಣ್ಣು ಉರಿಯಿತು.

ಜೀವಮಾನವಿಡೀ ಶಪಿಸಿದ ಆ ಘಾಟಿಗೇ ಸೆರಗೊಡ್ಡಿ, "ಯಾ ಅಲ್ಲಾ, ಇವರ್ನ ಒಮ್ಮೆ ಕೆಮ್ಮಸು," ಎಂದಳು.