ಮೇಷ್ಟ್ರ ಕಾಲರಿನಲ್ಲಿ ಉಳಿದ ಪದ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಹಳೆಯ ಇಂಗ್ಲಿಷ್ ನಾಟಕಗಳನ್ನು ಅರೆದು ಕುಡಿದವರು ಇದನ್ನು ಓದಿದರೆ, ನನ್ನ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು. ನನಗೆ ಗೊತ್ತಿರುವುದು ಲಾಂಡ್ರಿಯ ಇಸ್ತ್ರಿ ಮೇಜಿನ ಕಡೆಯಿಂದ ಕಂಡಷ್ಟೇ.

ಆ ಮೇಜಿನ ಹಿಂದೆ ನಿಲ್ಲುತ್ತಿದ್ದವಳನ್ನು ಎಲ್ಲರೂ ಲಾಂಡ್ರಿ ಅಕ್ಕ ಎನ್ನುತ್ತಿದ್ದರು. ಅಂಗಡಿ ಅವಳ ಅಣ್ಣನದು. ನಲವತ್ತು ದಾಟಿದ ಮೇಲೆ ಅವಳು ಸಂಜೆ ಕಾಲೇಜು ಸೇರಿದ್ದಳು. ಉಳಿದ ವಿಷಯಗಳೆಲ್ಲ ಹೇಗೋ ದಾಟಿದವು, ಇಂಗ್ಲಿಷ್ ಮಾತ್ರ ಎರಡು ಸಲ ಕೈಕೊಟ್ಟಿತ್ತು. ಮೂರನೆಯದೇ ಕೊನೆಯ ಅವಕಾಶ. ಅದೂ ಹೋದರೆ ಪದವಿಯ ಆಸೆಯನ್ನು ಮಡಚಿ ಕಪಾಟಿನಲ್ಲಿ ಇಡಬೇಕು.

ಪಠ್ಯದಲ್ಲಿದ್ದ ನಾಟಕ ನೂರಾರು ವರ್ಷ ಹಳೆಯದು. ಅದರಲ್ಲಿ ರಾಜನಿಂದ ಹಿಡಿದು ಬಾಗಿಲು ಕಾಯುವವನವರೆಗೆ ಎಲ್ಲರೂ ಬಾಯಿ ಬಿಟ್ಟರೆ ಬೈಗುಳ. ಆದರೆ ಒಂದಾದರೂ ಈಗಿನ ಬೀದಿಯಲ್ಲಿ ಚಲಾವಣೆಯಲ್ಲಿರಬೇಡವೇ? ಓದಿದ್ದು ಅಂಗಡಿಯಿಂದ ಮನೆ ತಲುಪುವುದರೊಳಗೆ ಮರೆತುಹೋಗುತ್ತಿತ್ತು.

ಕೊನೆಗೆ ಅವಳಿಗೊಂದು ಉಪಾಯ ಹೊಳೆಯಿತು. ಲಾಂಡ್ರಿಗೆ ಬಂದ ಪ್ರತಿ ಬಟ್ಟೆಯ ಕಾಲರಿನ ಒಳಗೆ ಗಿರಾಕಿಯ ನಂಬರಿನ ಚೀಟಿಯನ್ನು ಪಿನ್ ಮಾಡುವುದು ರೂಢಿ. ಅವಳು ಅದರ ಪಕ್ಕದಲ್ಲೇ ಇನ್ನೊಂದು ಚೀಟಿ ಚುಚ್ಚತೊಡಗಿದಳು. ಅದರಲ್ಲೊಂದು ಹಳೆಯ ಪದ, ಕೆಳಗೆ ಅರ್ಥ. ಯಾವ ಪದ ಯಾರಿಗೆ ಒಪ್ಪುತ್ತದೋ ಅವರ ಅಂಗಿಗೆ. ಜಿರಳೆ ಕಂಡರೆ ಕುರ್ಚಿ ಹತ್ತುವ ಪೊಲೀಸಪ್ಪನಿಗೆ ‘ಪೋಲ್ಟ್ರೂನ್’, ಅಂದರೆ ಪುಕ್ಕಲ. ತಾವೇ ಸುಟ್ಟುಕೊಂಡ ತೂತನ್ನು ಲಾಂಡ್ರಿಯ ತಲೆಗೆ ಕಟ್ಟಿದ ವಕೀಲರಿಗೆ ‘ನೇವ್’, ಅಂದರೆ ಲಫಂಗ. ಇಸ್ತ್ರಿ ಎಳೆಯುತ್ತಾ ಬೈಯುವುದು, ಮಡಚುವ ಮೊದಲು ಚೀಟಿ ಕಿತ್ತುಕೊಳ್ಳುವುದು. ಪದ ತಲೆಯಲ್ಲಿ ಉಳಿಯಿತು, ಹೊಟ್ಟೆಯೂ ತಣ್ಣಗಾಯಿತು.

ಇಂಗ್ಲಿಷ್ ಮೇಷ್ಟ್ರ ಅಂಗಿಗಳೂ ಅಲ್ಲಿಗೇ ಬರುತ್ತಿದ್ದವು. ಪಾಠದ ನಡುವೆ ಕಿಟಕಿ ಗಾಜಿನಲ್ಲಿ ಮುಖ ನೋಡಿಕೊಂಡು ಬಾಚಣಿಗೆ ಆಡಿಸುವ ಆಸಾಮಿ. ಅವರಿಗೆ ‘ಕಾಕ್ಸ್‌ಕೋಮ್’ ಎಂದು ಚುಚ್ಚಿದಳು. ಕೆಳಗೆ ಅರ್ಥ: ಬುದ್ಧಿಗಿಂತ ಬಟ್ಟೆಯನ್ನೇ ನಂಬಿದ ಶೋಕಿ ಪೆದ್ದ.

ಅವಳು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅಂಗಿ ಮಾಯ.

“ಅಣ್ಣಾ, ಮೇಷ್ಟ್ರ ಅಂಗಿ ಎಲ್ಲಿ?”

“ಮಡಚಿ ಕೊಟ್ಟೆ. ಅವರೇ ಬಂದಿದ್ರು. ಯಾಕೆ, ಗುಂಡಿ ಕಿತ್ತಿತ್ತಾ?”

“ನನ್ನ ಹಣೆಬರಹ ಕಿತ್ತಿತ್ತು! ಮಡಚೋದು ನನ್ನ ಕೆಲಸ ಅಂತ ಎಷ್ಟು ಸಲ ಬಡ್ಕೊಳ್ಳಿ ನಿಂಗೆ?”

“ಸಹಾಯ ಮಾಡಿದ್ದೂ ತಪ್ಪಾ ಮಾರಾಯ್ತಿ?”

ಮರುದಿನ ಸಂಜೆ ಬಾಯಿಪರೀಕ್ಷೆ. ಅಂಕ ಕೊಡುವವರು ಅದೇ ಮೇಷ್ಟ್ರು, ತೊಟ್ಟು ಬಂದದ್ದೂ ಅದೇ ಅಂಗಿ. ಅವರು ಹಲಗೆಯ ಕಡೆ ತಿರುಗಿದಾಗೆಲ್ಲ ಅವಳು ಕತ್ತು ಚಾಚಿ ಕಾಲರ್ ನೋಡಿದಳು. ಚೀಟಿ ಕಾಣಲಿಲ್ಲ. ಒಳಗೇ ಇದೆಯೋ, ಅವರ ಕೈಗೆ ಸಿಕ್ಕಿದೆಯೋ? ಕಲಿತಿದ್ದ ಬೈಗುಳಗಳನ್ನೆಲ್ಲ ತನಗೇ ಬೈದುಕೊಂಡಳು.

ಅವಳ ಸರದಿ ಬಂತು. ಮೇಷ್ಟ್ರು ಬಾಚಣಿಗೆಯನ್ನು ಜೇಬಿಗಿಳಿಸಿ ಕೇಳಿದರು.

“ಕಾಕ್ಸ್‌ಕೋಮ್. ಅರ್ಥ ಹೇಳಿ.”

ಗೊತ್ತಿಲ್ಲ ಎಂದರೆ ಅಂಕ ಹೋಯಿತು, ಹೇಳಿದರೆ ಮಾನ ಹೋಯಿತು. ಮಾನ ಮತ್ತೆ ಬಂದೀತು, ಪರೀಕ್ಷೆ ಬರುವುದಿಲ್ಲ. ಕಣ್ಣು ಮುಚ್ಚಿ ಒಂದೇ ಉಸಿರಿನಲ್ಲಿ ಒಪ್ಪಿಸಿದಳು.

“ಬುದ್ಧಿಗಿಂತ ಬಟ್ಟೆಯನ್ನೇ ನಂಬಿದ ಶೋಕಿ ಪೆದ್ದ, ಸರ್.”

“ಉದಾಹರಣೆ?”

“ನಮ್ಮಣ್ಣ, ಸರ್.”

“ನಿಮ್ಮಣ್ಣನಾ? ನಿನ್ನೆ ಬನಿಯನ್ನಲ್ಲೇ ಕೂತಿದ್ರಲ್ಲಮ್ಮ.”

“ಅದು... ಅಂಗಿ ಇಸ್ತ್ರಿಯಲ್ಲಿತ್ತು, ಸರ್.”

ಮೇಷ್ಟ್ರು ಕೆಮ್ಮಿದರು. ಪೋಲ್ಟ್ರೂನ್ ಕೇಳಿದರು, ನೇವ್ ಕೇಳಿದರು, ಇನ್ನೂ ಹತ್ತು ಕೇಳಿದರು. ಅವಳು ಊರವರ ಅಂಗಿಗಳನ್ನು ಒಂದೊಂದಾಗಿ ನೆನೆದು ಪಟಪಟನೆ ಉತ್ತರಿಸಿದಳು. ಒಂದೂ ತಪ್ಪಲಿಲ್ಲ.

ಪಾಸಾದಳು. ಫಲಿತಾಂಶ ಬಂದ ವಾರ ಮೇಷ್ಟ್ರ ಬಟ್ಟೆಗಂಟು ಲಾಂಡ್ರಿಗೆ ಬಂತು. ಎಂದಿನಂತೆ ಜೇಬು ತಡಕಿದರೆ ಸಿಕ್ಕಿದ್ದು ಅದೇ ಚೀಟಿ. ಪದದ ಪಕ್ಕದಲ್ಲಿ ಕೆಂಪು ಶಾಯಿಯ ಸರಿ ಗುರುತು. ಬೇರೇನೂ ಇಲ್ಲ.

ಮೇಷ್ಟ್ರು ಸರಿ ಹಾಕಿದ್ದು ಅರ್ಥಕ್ಕೋ, ಅಂಗಿಯ ಆಯ್ಕೆಗೋ? ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ. ನನಗೂ ಗೊತ್ತಿಲ್ಲ.